ಮಡಿಲಕ್ಕಿ ಕಟ್ಟಿದವರು

ಒಳ್ಳೆಯ ಕೆಲಸ ಮಾಡುತ್ತೇನೆಂದು ಯಾರಾದರೂ ಕಾರಿನಿಂದ ಇಳಿದರೆ ಸಾಕು, ನನಗೆ ಸೊಂಟನೋವು ಶುರುವಾಗುತ್ತದೆ. ಅವರಿಗೆ ಕುರ್ಚಿ ತರಬೇಕು, ಮಕ್ಕಳ ಮೂಗು ಒರೆಸಿ ಸಾಲಾಗಿ ನಿಲ್ಲಿಸಬೇಕು, ಅವರು ಹೋದಮೇಲೆ ಬಾಳೆಹಣ್ಣಿನ ಸಿಪ್ಪೆ ಗುಡಿಸಬೇಕು. ತೋವಿನಕೆರೆಯಿಂದ ಒಳಕ್ಕೆ ನಾಲ್ಕು ಕಿಲೋಮೀಟರ್ ದೂರದ ನಮ್ಮೂರಿನಲ್ಲಿ ನಾನು, ಸರಸಮ್ಮ, ಇಪ್ಪತ್ತಾರು ವರ್ಷದಿಂದ ಅಂಗನವಾಡಿ ಟೀಚರು. ಸ್ಲೇಟು ಕೊಟ್ಟವರನ್ನು ಕಂಡಿದ್ದೇನೆ, ಕಂಬಳಿ ಕೊಟ್ಟವರನ್ನು ಕಂಡಿದ್ದೇನೆ, ಸೊಳ್ಳೆಪರದೆ ಕೊಟ್ಟು ಅದರೊಳಗೆ ನನ್ನನ್ನೇ ಮಲಗಿಸಿ ಫೋಟೋ ತೆಗೆದ ಪುಣ್ಯಾತ್ಮರನ್ನೂ ಕಂಡಿದ್ದೇನೆ. ಮನೆಯಲ್ಲಿ ನನ್ನ ಗಂಡ ಚನ್ನಮಲ್ಲಯ್ಯನವರು ಲಕ್ವ ಹೊಡೆದು ಮೂರು ವರ್ಷದಿಂದ ಮಂಚ ಹಿಡಿದಿದ್ದಾರೆ. ಬೆಳಿಗ್ಗೆ ಅವರನ್ನು ಎತ್ತಿ, ತೊಳೆದು, ಉಣ್ಣಿಸುತ್ತೇನೆ. ಆಮೇಲೆ ಊರ ಮಕ್ಕಳನ್ನು ಎತ್ತಿ, ತೊಳೆದು, ಉಣ್ಣಿಸುತ್ತೇನೆ. ಸಂಜೆ ಮತ್ತೆ ಅವರದೇ ಪಾಳಿ.

ಅನುಷಾ ಬಂದದ್ದು ಯುಗಾದಿ ಕಳೆದ ವಾರ. ಮಧುಗಿರಿಯ ರಸ್ತೆ ಕಂಟ್ರಾಕ್ಟರ್ ನರಸಿಂಹರಾಜು ಅವರ ಮಗಳು, ಇಪ್ಪತ್ನಾಲ್ಕೋ ಇಪ್ಪತ್ತೈದೋ ವಯಸ್ಸು. ಅಪ್ಪ ಹಾಕಿಸಿದ ಡಾಂಬರು ರಸ್ತೆಯ ಮೇಲೇ ಬಿಳಿ ಕಾರಿನಲ್ಲಿ ಬಂದು ಇಳಿದಳು. ಸುಳ್ಳು ಹೇಳಬಾರದು, ಹುಡುಗಿ ಒಳ್ಳೆಯವಳು. ಕುರ್ಚಿ ತಂದರೆ ಕೂರಲಿಲ್ಲ, ಚಾಪೆಯ ಮೇಲೆ ಕೂತಳು. ಒಂದು ಮಗುವಿನ ಸಿಂಬಳವನ್ನು ತನ್ನ ದುಪಟ್ಟದಲ್ಲೇ ಒರೆಸಿದಳು. ಇಂಥವರಿಂದಲೇ ನನಗೆ ಹೆಚ್ಚು ಹೆದರಿಕೆ. ಕಂಬಳಿ ಕೊಟ್ಟು ಹೋಗುವವರು ಹೋಗುತ್ತಾರೆ. ಚಾಪೆಯ ಮೇಲೆ ಕೂತವರು ಮತ್ತೆ ಬರುತ್ತಾರೆ.

ಮತ್ತೆ ಬಂದಳು. ಮೂರನೆಯ ಸಲ ಬಂದಾಗ ಅವಳ ಕಣ್ಣಿಗೆ ಬಿದ್ದದ್ದು ನಾವು ಅಂಗನವಾಡಿಯಲ್ಲಿ ಬಸುರಿಯರಿಗೆ ಮಾಡುವ ಸೀಮಂತದ ಫೋಟೋ.

"ಸರಸಮ್ಮ ಆಂಟಿ, ಈ ಸಲ ಇದನ್ನ ನಾನು ಮಾಡ್ತೀನಿ," ಎಂದಳು. "ಒಳ್ಳೇ ರೇಷ್ಮೆ ಸೀರೆ, ಬಳೆ, ಊಟ. ದುಡ್ಡು ಕೊಟ್ಟು ದೂರ ನಿಲ್ಲೋಳಲ್ಲ ನಾನು. ಎಲ್ಲಾ ನನ್ನ ಕೈಯಾರೆ ಮಾಡ್ಬೇಕು. ಮಡಿಲು ತುಂಬೋದು ಕೂಡ."

ಮಡಿಲು ತುಂಬುವುದೆಂದರೆ ಏನೆಂದು ಈ ಕಡೆಯ ಯಾವ ಹೆಂಗಸಿಗೂ ಬಿಡಿಸಿ ಹೇಳಬೇಕಿಲ್ಲ. ಹೆರಿಗೆ ಈಗ ಎಲ್ಲರದ್ದೂ ಆಸ್ಪತ್ರೆಯಲ್ಲೇ, ನಿಜ. ಆದರೆ ಆಸ್ಪತ್ರೆ ಎರಡು ದಿನದ್ದು, ಬಾಣಂತನ ಮೂರು ತಿಂಗಳಿನದ್ದು. ಚೊಚ್ಚಲ ಬಾಣಂತನ ತವರಿನವರದ್ದು. ಏಳನೆಯ ತಿಂಗಳಲ್ಲಿ ತವರಿನವಳು ಬಂದು ಮಗಳ ಸೆರಗಿಗೆ ಅಕ್ಕಿ, ಕಾಯಿ, ಬೆಲ್ಲ ಹಾಕಿ ಗಂಟು ಕಟ್ಟುತ್ತಾಳೆ. ಕಟ್ಟಿದವಳು ಒಂಬತ್ತರಲ್ಲಿ ಕರೆದುಕೊಂಡು ಹೋಗುತ್ತಾಳೆ. ಇದು ಬಾಯಿಮಾತಿನ ಕರಾರಲ್ಲ, ಬಾಯಿ ತೆರೆಯುವ ಅಗತ್ಯವೇ ಇಲ್ಲದ ಕರಾರು. ಅದಕ್ಕೇ ಅಂಗನವಾಡಿಯ ಸೀಮಂತದಲ್ಲಿ ನಾನು ಅರಿಶಿನ ಕುಂಕುಮ ಹಚ್ಚಿ, ಹೂವು ಮುಡಿಸಿ, ಆರತಿ ಎತ್ತಿ ಕೈ ತೊಳೆದುಕೊಳ್ಳುತ್ತೇನೆ. ಅಕ್ಕಿಗೆ ಮಾತ್ರ ಅವರವರ ಅವ್ವನನ್ನೋ ಅತ್ತಿಗೆಯನ್ನೋ ಮುಂದಕ್ಕೆ ತಳ್ಳುತ್ತೇನೆ.

ಇದನ್ನು ಅನುಷಾಗೆ ಹೇಳಬೇಕಿತ್ತು. ಬಾಯಿಯವರೆಗೂ ಬಂದಿತ್ತು. ಆ ವರ್ಷದ ಪಟ್ಟಿಯಲ್ಲಿದ್ದ ಎಂಟು ಬಸುರಿಯರಲ್ಲಿ ಒಬ್ಬಳು ಕದಿರಮ್ಮ ಎಂಬುದು ನೆನಪಾಯಿತು, ಮಾತನ್ನು ನುಂಗಿಕೊಂಡೆ.

ಕದಿರಮ್ಮ ಪಾವಗಡದ ಕಡೆಯ ಹುಡುಗಿ, ವೈ.ಎನ್.ಹೊಸಕೋಟೆಯಿಂದಲೂ ಆಚೆ. ಅವ್ವ ಇವಳನ್ನು ಹೆತ್ತ ವರ್ಷವೇ ತೀರಿಕೊಂಡಳಂತೆ. ಅಪ್ಪ ಅನಂತಪುರದ ಕಡೆ ಹೋದವನು ಮತ್ತೆ ಬರಲಿಲ್ಲ. ಸಾಕಿದ ಅಜ್ಜಿ ಇವಳ ಮದುವೆ ಮಾಡಿ, ಆರು ತಿಂಗಳಿಗೆ ಕಣ್ಣು ಮುಚ್ಚಿದಳು. ಗಂಡ ಅಂಬರೀಶ್ ಬೋರ್‌ವೆಲ್ ಲಾರಿಯಲ್ಲಿ ಕೆಲಸಕ್ಕಿದ್ದಾನೆ. ಹೋದರೆ ಎರಡು ಮೂರು ತಿಂಗಳು ಮಹಾರಾಷ್ಟ್ರವೋ ಛತ್ತೀಸ್‌ಗಢವೋ. ಮನೆಯಲ್ಲಿ ಉಳಿಯುವವಳು ಅತ್ತೆ ಚಿಕ್ಕಹನುಮಕ್ಕ.

ಚಿಕ್ಕಹನುಮಕ್ಕ ಕೆಟ್ಟ ಹೆಂಗಸಲ್ಲ. ಬೆಳಗಿನ ಜಾವ ಹೂವು ಬಿಡಿಸುವ ಕೂಲಿಗೆ ಹೋಗುತ್ತಾಳೆ, ಮಂಡಿ ಮಡಿಸಲು ಬರುವುದಿಲ್ಲ. ಸೊಸೆಯ ಬಾಣಂತನದ ಮಾತೆತ್ತಿದರೆ ಮಾತ್ರ ಮೈಮೇಲೆ ಬರುತ್ತಿದ್ದಳು.

"ಟೀಚ್ರಮ್ಮ, ನಾನ್ ಮನೇಲಿ ಕುಂತು ನೀರು ಕಾಯಿಸ್ತಾ ಇದ್ರೆ ಒಲೆಗೆ ಸೌದೆ ಯಾರ್ ತತ್ತಾರೆ? ನೀವು ತತ್ತೀರಾ? ಚೊಚ್ಚಲು ಗಂಡನ ಮನೇಲಿ ಆಗ್ಬಾರ್ದು ಕಣಮ್ಮ, ಯಾವ ಕಾಲದಲ್ಲೂ ಆಗಿಲ್ಲ. ಅವ್ಳ ತವ್ರುನವ್ರು ಯಾರಾನ ಇದ್ರೆ ಬಂದು ಕರ್ಕಂಡ್ ಓಗ್ಲಿ. ಇಲ್ದಿದ್ರೆ ನಾನೇನ್ ಮಾಡ್ಲಿ, ಅಂಗಡೀಲಿ ತವ್ರು ಕೊಂಡ್ಕಂಡು ಬರ್ಲಾ?"

ಕದಿರಮ್ಮ ಒಮ್ಮೆ ನನ್ನನ್ನೇ ಕೇಳಿದ್ದಳು. ಮಧ್ಯಾಹ್ನ ಮಕ್ಕಳು ಮಲಗಿದ್ದರು. ಅವಳು ಅಂಗನವಾಡಿಯ ಹೊಸಿಲ ಮೇಲೆ ಕೂತು ನನ್ನ ಮೊರದ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು.

"ಸರಸಕ್ಕ, ಏಳು ತುಂಬ್ದಾಗ ಒಂದ್ ಹಿಡಿ ಅಕ್ಕಿ ನೀನೇ ಕಟ್ಬುಡಕ್ಕ. ನಾನ್ ಜಾಸ್ತಿ ಕೆಲ್ಸ ಕೊಡಲ್ಲ. ನನ್ ಬಟ್ಟೆ ನಾನೇ ಒಕ್ಕಂತೀನಿ. ಯಾರೂ ಇಲ್ಲ ಅಂದ್ರೆ ಏಂ ಚೇಸ್ತಾಂ, ಏನ್ ಮಾಡಾಣ ಹೇಳು?"

"ನೋಡಾಣ ಬುಡು," ಎಂದೆ. ನಮ್ಮ ಕಡೆ ಅದರ ಅರ್ಥ ಆಗುವುದಿಲ್ಲ ಅಂತ. ಅವಳಿಗೂ ಗೊತ್ತಾಯಿತು. ಮೊರ ಪೂರ್ತಿ ಆರಿಸಿ ಕೊಟ್ಟು ಎದ್ದು ಹೋದಳು.

ಸೀಮಂತದ ದಿನ ಅನುಷಾ ಪಂಚಾಯಿತಿ ಕಟ್ಟಡಕ್ಕೆ ಶಾಮಿಯಾನ ಹಾಕಿಸಿದ್ದಳು. ಹೋಳಿಗೆ ಊಟ. ಎಂಟೂ ಜನರಿಗೆ ಹಸಿರು ಸೀರೆ. ಏಳು ಜನರ ಹಿಂದೆ ಅವರವರ ತವರಿನ ಹೆಂಗಸರು ನಿಂತಿದ್ದರು. ಅನುಷಾ ಬರುವ ಮೊದಲೇ ಅವರು ತಮ್ಮ ತಮ್ಮ ಮಗಳ ಸೆರಗಿಗೆ ಒಂದೊಂದು ಹಿಡಿ ಹಾಕಿ ಗಂಟಿಕ್ಕಿ ಆಗಿತ್ತು. ಅನುಷಾ ಹಾಕಿದ್ದು ಅದರ ಮೇಲಿನ ಉಡುಗೊರೆ ಅಷ್ಟೇ. ಎಂಟನೆಯವಳ ಮುಂದೆ ಬಂದು ಮಂಡಿಯೂರಿದಳು. ಕದಿರಮ್ಮನ ಸೆರಗು ಖಾಲಿ ಇತ್ತು. ಕದಿರಮ್ಮ ನನ್ನ ಕಡೆ ನೋಡಿದಳು. ನಾನು ಆರತಿ ತಟ್ಟೆಯ ಬತ್ತಿ ಸರಿಮಾಡುತ್ತಾ ನಿಂತೆ.

ಅನುಷಾ ಐದು ಬೊಗಸೆ ಅಕ್ಕಿ ಹಾಕಿದಳು. ಕಾಯಿ, ಬೆಲ್ಲದ ಅಚ್ಚು, ಎಲೆ ಅಡಿಕೆ, ರವಿಕೆ ಕಣ. ತನ್ನ ಕೈಯಾರೆ ಗಂಟು ಕಟ್ಟಿದಳು. ಯಾರೋ ಹೇಳಿಕೊಟ್ಟಿದ್ದ ಮಾತನ್ನು ನಗುತ್ತಾ ಹೇಳಿದಳು, "ಸುಖವಾಗಿ ಹೆತ್ತು ಬಾರಮ್ಮ." ಸುತ್ತ ನಿಂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಿಕ್ಕಹನುಮಕ್ಕ ಎರಡು ಕೈ ಎತ್ತಿ ಆಕಾಶಕ್ಕೆ ಮುಗಿದಳು. ಕದಿರಮ್ಮ ಬಗ್ಗಿ ಅನುಷಾಳ ಕಾಲು ಮುಟ್ಟಿದಳು. ಏಳು ತಿಂಗಳ ಹೊಟ್ಟೆಯಲ್ಲಿ ಅಷ್ಟು ಬಗ್ಗಬಾರದು.

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಅನ್ನುತ್ತಾರಲ್ಲ, ನಾನು ಮಾಡಿದ್ದು ಅದೇ. ಆ ದಿನ ಮನೆಗೆ ಹೋಗುವಾಗ ನನಗೆ ನಾಚಿಕೆಯೇನೂ ಆಗಲಿಲ್ಲ, ಹಗುರವಾಯಿತು. ಹಣವಂತರ ಮನೆ, ಹತ್ತು ಕೋಣೆ ಇರುತ್ತವೆ, ಒಂದು ಜೀವಕ್ಕೆ ಜಾಗ ಇಲ್ಲವೇ ಎಂದುಕೊಂಡೆ. ಒಂದು ಸಲವಾದರೂ ಬೇರೆ ಯಾರಾದರೂ ಹೊರಲಿ.

ಎರಡು ತಿಂಗಳು ಕಳೆದು, ಒಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಫೋನು ಬಂತು. ಅನುಷಾಳದ್ದು.

"ಆಂಟಿ, ನಿಮ್ಮೂರಿನ ಆ ಹುಡುಗಿ, ಕದಿರಮ್ಮ, ಬ್ಯಾಗ್ ತಗೊಂಡು ಬಂದು ನಮ್ಮನೆ ಜಗುಲಿ ಮೇಲೆ ಕೂತಿದಾಳೆ. ಹೆರಿಗೆಗೆ ಬಂದಿದೀನಿ ಅಂತಾಳೆ. ಏನ್ ಕೇಳಿದ್ರೂ 'ನೀವೇ ಕಟ್ಟಿದ್ರಲ್ಲಕ್ಕ' ಅಂತಾಳೆ. ನಂಗೇನೂ ಅರ್ಥ ಆಗ್ತಿಲ್ಲ. ದಯವಿಟ್ಟು ಬನ್ನಿ."

ಮಕ್ಕಳನ್ನು ಆಯಾಗೆ ಒಪ್ಪಿಸಿ, ಗಂಡನಿಗೆ ಮಧ್ಯಾಹ್ನ ಮುದ್ದೆ ಉಣ್ಣಿಸಲು ಪಕ್ಕದ ಮನೆಯವರಿಗೆ ಹೇಳಿ, ತೋವಿನಕೆರೆಗೆ ಆಟೋ ಹಿಡಿದು, ಕೊರಟಗೆರೆಯಲ್ಲಿ ಬಸ್ಸು ಬದಲಿಸಿ ಮಧುಗಿರಿಗೆ ಹೋಗುವಷ್ಟರಲ್ಲಿ ಗಂಟೆ ಒಂದಾಗಿತ್ತು. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ, ಕದಿರಮ್ಮನನ್ನೂ ಬೈದೆ, ಅನುಷಾಳನ್ನೂ ಬೈದೆ. ಬಿಸಿಲಿಗೆ ಬಸ್ಸಿನ ಸೀಟು ಸುಡುತ್ತಿತ್ತು.

ಮನೆ ಬೆಟ್ಟದ ಬುಡದ ಹೊಸ ಬಡಾವಣೆಯಲ್ಲಿ. ಜಗುಲಿಯ ನುಣುಪು ಕಲ್ಲಿನ ಮೇಲೆ ಕದಿರಮ್ಮ ಅದೇ ಹಸಿರು ಸೀರೆ ಉಟ್ಟು ಕೂತಿದ್ದಳು. ಪಾದ ಊದಿ ಚಪ್ಪಲಿಯ ಪಟ್ಟಿ ಕಚ್ಚಿಕೊಂಡಿತ್ತು. ಪಕ್ಕದಲ್ಲಿ ತಟ್ಟೆ ತುಂಬ ಸೇಬು, ಹಾಲಿನ ಲೋಟ, ಎರಡನ್ನೂ ಮುಟ್ಟಿರಲಿಲ್ಲ. ನನ್ನನ್ನು ಕಂಡು ಮುಖ ಅರಳಿತು.

"ಬಂದ್ಯಾ ಸರಸಕ್ಕ? ನೀನಾರ ಹೇಳು. ಅಕ್ಕ ಯಾಕೋ ಗಾಬ್ರಿ ಆಗವ್ರೆ."

ಹೇಳಿದೆ. ಅಕ್ಕಿ ಕಟ್ಟಿದರೆ ಏನರ್ಥ ಎಂದು ಅನುಷಾಗೆ ಎರಡು ತಿಂಗಳು ತಡವಾಗಿ ಹೇಳಿದೆ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದಳು. ಕೇಳಿದವಳೇ ಚುರುಕಾದಳು.

"ಸರಿ. ಸರಿ ಆಂಟಿ. ಏನಾದ್ರೂ ಮಾಡೋಣ. ತುಮಕೂರಲ್ಲಿ ಒಳ್ಳೆ ನರ್ಸಿಂಗ್ ಹೋಮ್ ಇದೆ, ಸ್ಪೆಷಲ್ ರೂಮ್ ಹಾಕಿಸ್ತೀನಿ. ಆಮೇಲೆ ಮೂರು ತಿಂಗಳು ಒಬ್ಬ ನರ್ಸ್ ಇಡೋಣ, ಇಲ್ಲೇ ಒಂದು ಮನೆ ಬಾಡಿಗೆಗೆ ತಗೊಳೋಣ. ಎಲ್ಲಾ ಖರ್ಚು ನಂದು. ಆಗುತ್ತಲ್ವಾ ಕದಿರಮ್ಮ?"

"ಖರ್ಚಿಗೆ ಬಂದಿಲ್ಲಕ್ಕ ನಾನು," ಎಂದಳು ಕದಿರಮ್ಮ, ಮೆತ್ತಗೆ. "ಆಸ್ಪತ್ರೆ ಸರ್ಕಾರದ್ದೇ ಐತೆ. ಬಾಡಿಗೆ ಮನೆ ಯಾರ್ ತವ್ರು ಆಯ್ತದೆ? ನಾಳೆ ಮಗೀನ ಎತ್ಕಂಡು ಅತ್ತೆ ಮನೆಗೆ ಓದಾಗ ಎಲ್ಲಿಂದ ಬಂದೆ ಅಂದ್ರೆ ಏನನ್ಲಿ? ನಿಮ್ ಅಡಿಗೆಮನೆ ಹಿಂದೆ ಒಂದ್ ಮೂಲೆ ಸಾಕು. ತಲೆಗೆ ಎರಡ್ ಚೊಂಬು ಬಿಸ್ನೀರು ಉಯ್ದು, ಹೊರಗೆ ಗಾಳಿಗೆ ಬಂದ್ರೆ ಬೈಯೋಕೆ ಒಂದ್ ಬಾಯಿ ಇದ್ರೆ ಸಾಕು."

ಅನುಷಾಳ ಕಣ್ಣು ತುಂಬಿದವು. "ಹಾಗಾದ್ರೆ ಇಲ್ಲೇ ಇರು," ಎಂದುಬಿಟ್ಟಳು. "ಅಮ್ಮಾ! ಇವಳು ನಮ್ಮನೇಲಿ ಇರ್ತಾಳೆ."

ಒಳಗಿನಿಂದ ಅವಳ ತಾಯಿ ಬಂದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು ಎಂದು ಕಾಣುತ್ತದೆ. ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಮೊದಲು ಕದಿರಮ್ಮನ ಹೊಟ್ಟೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅವರಿಗೆ ಎಲ್ಲ ಗೊತ್ತಾಗಿದೆಯೆಂದು ಆ ನೋಟವೇ ಹೇಳಿತು. ಅವರೂ ಹಳ್ಳಿಯಿಂದಲೇ ಬಂದ ಹೆಂಗಸು.

"ಅಕ್ಕಿ ಕಟ್ಟಿದೀಯ ಅಂತ ನಂಗ್ಯಾಕೆ ಹೇಳ್ಲಿಲ್ಲ ನೀನು?" ಎಂದರು ಮಗಳಿಗೆ. ಕೂಗಾಡಲಿಲ್ಲ. "ಬರೀ ಸೀರೆ ಕೊಟ್ಟೆ ಅಂದೆ. ಅಕ್ಕಿ ಕಟ್ಟಿದ್ಮೇಲೆ ಇವಳು ಈ ಮನೆ ಮಗಳು ಕಣೇ. ಮೂರು ತಿಂಗಳ ಮಾತಲ್ಲ. ನಾಮಕರಣಕ್ಕೆ ಇವಳತ್ತೆ ಕಡೆಯೋರು ಬರ್ತಾರೆ, ನಿಮ್ಮಪ್ಪನ ಪಕ್ಕ ಕೂರಿಸಿ ಬಡಿಸ್ತೀಯ? ವರ್ಷ ವರ್ಷ ಗೌರಿಹಬ್ಬಕ್ಕೆ ಬಾಗಿನ ಕಳಿಸ್ತೀಯ? ಗಂಡ ಹೊಡೆದ ದಿನ ಮಗೂನ ಎತ್ಕೊಂಡು ಇಲ್ಲಿಗೇ ಬರ್ತಾಳೆ. ಎರಡನೇದಕ್ಕೂ ಬರ್ತಾಳೆ. ನೀನು ಮದುವೆಯಾಗಿ ಹೋಗಿರ್ತೀಯ, ಬಾಗಿಲು ತೆಗಿಬೇಕಾದೋಳು ನಾನು. ಬೇಡ ಅಂತ ಅಂತಿಲ್ಲ. ಮಾಡೋದಾದ್ರೆ ಪೂರ್ತಿ ಮಾಡು. ಹೆಣ್ಣುಮಗಳಿಗೆ ಅರ್ಧ ತವರು ಕೊಡ್ಬೇಡ. ಈಗ ಹೇಳು, ಕರ್ಕೊಳ್ಳೋಣ್ವಾ?"

ಅನುಷಾ ಬಾಗಿಲ ಚೌಕಟ್ಟನ್ನು ಮತ್ತೆ ಹಿಡಿದುಕೊಂಡಳು. ಹೊರಗೆ ಗಾಡಿಯವನು ಟೊಮ್ಯಾಟೊ ಕೂಗುತ್ತಾ ಹೋದ. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಹೂಂ ಅನ್ನು, ಹೂಂ ಅನ್ನೇ ತಾಯಿ ಎಂದು ಒಳಗೊಳಗೇ ಬೇಡಿಕೊಂಡೆ. ಕದಿರಮ್ಮನಿಗಾಗಿಯೋ ನನ್ನ ಸೊಂಟಕ್ಕಾಗಿಯೋ, ದೇವರಿಗೇ ಗೊತ್ತು.

ಅವಳು ನನ್ನ ಕಡೆ ತಿರುಗಿದಳು. "ಆಂಟಿ, ನಿಮಗೆ ಇದೆಲ್ಲಾ ಗೊತ್ತಿತ್ತಾ? ಅವತ್ತೇ?"

"ಗೊತ್ತಿತ್ತು ಕಣಮ್ಮ."

"ಮತ್ತೆ ಯಾಕೆ ಹೇಳ್ಲಿಲ್ಲ? ನಾನು ನಿಮ್ಮನ್ನ ನಂಬಿದ್ದೆ."

"ಹೇಳಿದ್ರೆ ನೀವು ಕಟ್ತಿರ್ಲಿಲ್ಲ. ನಂಗೂ ಸಾಕಾಗಿತ್ತು. ಯಾರಾದ್ರೂ ಹೊತ್ಕೊಳ್ಳಿ ಅಂದ್ಕಂಡೆ," ಎಂದೆ. ಇಷ್ಟು ವರ್ಷದಲ್ಲಿ ಕಾರಿನವರ ಎದುರು ನಾನು ಆಡಿದ ಮೊದಲ ನಿಜವಾದ ಮಾತು ಅದು. ಆಡಿದ ಮೇಲೆ ತಲೆ ಎತ್ತಲಾಗಲಿಲ್ಲ.

ಅನುಷಾ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಅತ್ತಳು. ಚಿಕ್ಕ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. "ನಂಗೆ ಆಗಲ್ಲ ಕದಿರಮ್ಮ. ಒಳ್ಳೇದು ಮಾಡ್ಬೇಕು ಅಂತ ತುಂಬಾ ಇತ್ತು. ಇಷ್ಟು ಅಂತ ಗೊತ್ತಿರ್ಲಿಲ್ಲ. ನಂಗೆ ಆಗಲ್ಲ." ಅವಳ ತಾಯಿ ಗೋಡೆಯ ಕಡೆ ಮುಖ ಮಾಡಿ ನಿಂತರು.

ಆಮೇಲೆ ನಡೆದದ್ದನ್ನು ನೆನೆಸಿಕೊಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ತುಂಬು ಬಸುರಿ, ಬೆಳಗಿನಿಂದ ಹೊಟ್ಟೆಗಿಲ್ಲದವಳು, ಕೈಯೂರಿ ಎದ್ದು ಹೋಗಿ ಆ ದೊಡ್ಡಮನೆಯ ಹುಡುಗಿಯ ತಲೆ ಸವರಿದಳು.

"ಅಳ್ಬ್ಯಾಡ ಕಣಕ್ಕ. ಗೊತ್ತಿಲ್ದೆ ಕಟ್ಟಿದ್ದು, ಅದ್ಯಾವ ತಪ್ಪು? ಬುಡು, ಬುಡು."

ಬ್ಯಾಗಿನ ಜಿಪ್ಪು ಎಳೆದು ಬಟ್ಟೆಯ ಗಂಟೊಂದನ್ನು ತೆಗೆದಳು. ಮಡಿಲಕ್ಕಿ. ಅದನ್ನು ಗಂಡನ ಮನೆಯಲ್ಲಿ ಬೇಯಿಸಬಾರದು, ತವರಿಗೆ ಹೋದ ದಿನ ಅಲ್ಲಿಯ ಒಲೆಯ ಮೇಲೆ ಬೇಯಿಸಿ ಉಣ್ಣಬೇಕು. ಎರಡು ತಿಂಗಳು ಹುಳು ಬೀಳದ ಹಾಗೆ ಬೇವಿನೆಲೆ ಹಾಕಿ ಕಾಪಾಡಿದ್ದಳು. ಅದನ್ನು ಅನುಷಾಳ ಪಕ್ಕದಲ್ಲಿ, ಸೇಬಿನ ತಟ್ಟೆಯ ಹತ್ತಿರ ಇಟ್ಟಳು. "ಇದು ನಿಮ್ದು," ಎಂದಳು. ಅನುಷಾ ಅದನ್ನು ಮುಟ್ಟಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಅವಳ ತಾಯಿ ಒಳಗೆ ಹೋಗಿ ಐನೂರರ ನೋಟು ನಾಲ್ಕು ತಂದರು. ಕದಿರಮ್ಮ ತಲೆಯಾಡಿಸಿದಳು. ಡ್ರೈವರನ್ನು ಕರೆಯುತ್ತೇನೆ, ಕಾರಿನಲ್ಲಿ ಬಿಡುತ್ತಾನೆ ಎಂದರು. ಅದಕ್ಕೂ ತಲೆಯಾಡಿಸಿದಳು.

ಬಸ್ ನಿಲ್ದಾಣಕ್ಕೆ ಹೊರಟೆವು. ಅವಳು ಒಂದು ಕೈಯಲ್ಲಿ ಸೊಂಟ ಹಿಡಿದು ನಡೆಯುತ್ತಿದ್ದಳು. ನೆರಳಿನ ಕಲ್ಲುಬೆಂಚಿನ ಮೇಲೆ ಕೂರಿಸಿ, ಬನ್ನು, ಟೀ ತಂದುಕೊಟ್ಟೆ. ಹಸಿದಿದ್ದಳು. ಬನ್ನನ್ನು ಟೀಯಲ್ಲಿ ಅದ್ದಿ ಅದ್ದಿ ತಿಂದಳು. ಇನ್ನೊಂದು ತಂದೆ, ಅದನ್ನೂ ತಿಂದಳು.

"ಈಗೆಲ್ಲಿಗೆ ಓಗ್ತೀಯೆ?" ಎಂದೆ.

"ಅದ್ನೇ ಯೋಚ್ನೆ ಮಾಡ್ತಿವ್ನಿ. ತವ್ರಿಗೆ ಓಯ್ತೀನಿ ಅಂತ ಊರಿಗೆಲ್ಲಾ ಹೇಳಿ ಬಂದಿವ್ನಿ. ಅತ್ತೆ ಖುಸಿಯಿಂದ ಎಣ್ಣೆ ಹಚ್ಚಿ ತಲೆ ಬಾಚಿ ಕಳ್ಸವ್ಳೆ. ಸಂಜೆಗೇ ವಾಪಸ್ ಓದ್ರೆ..." ಆಗ ಮಾತ್ರ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಇಡೀ ದಿನ ಹಿಡಿದುಕೊಂಡಿದ್ದಳು.

"ನಮ್ಮನೆಗೆ ಬಾ," ಎಂದೆ.

ಯೋಚಿಸಿ ಹೇಳಿದ್ದಲ್ಲ. ಬಾಯಿಂದ ಬಿತ್ತು. ಬಿದ್ದ ಕೂಡಲೇ ಮನೆಯ ಒಂದೇ ಕೋಣೆ, ಮಂಚದ ಮೇಲಿನ ಗಂಡ, ಎರಡು ಹಂಡೆ ನೀರು, ಬೆಳಗಿನ ಜಾವ ಅಳುವ ಕೂಸು ಎಲ್ಲ ಕಣ್ಣೆದುರು ಬಂದು, ನನ್ನ ಮೇಲೆ ನನಗೇ ಅಯ್ಯೋ ಅನಿಸಿತು.

ಕದಿರಮ್ಮ ಟೀ ಲೋಟವನ್ನು ಕೆಳಗಿಟ್ಟಳು. ನನ್ನನ್ನು ನೇರವಾಗಿ ನೋಡಿದಳು. ಆ ಹುಡುಗಿ ಹಾಗೆ ನೋಡಿದ್ದು ಅದೇ ಮೊದಲು.

"ಕರೆಯಾದು ಇಷ್ಟು ಸಲೀಸಾ ಸರಸಕ್ಕ? ಮತ್ತೆ ಅವತ್ತು ನಾನೇ ಬಾಯಿ ಬುಟ್ಟು ಕೇಳ್ದಾಗ ಯಾಕೆ ಕರೀಲಿಲ್ಲ?"

ಹೇಳಲು ಕಾರಣಗಳು ಬೇಕಾದಷ್ಟಿದ್ದವು. ಗಂಡನ ಕಾಯಿಲೆ ಸುಳ್ಳಲ್ಲ. ನನ್ನ ಸೊಂಟ ಸುಳ್ಳಲ್ಲ. ಇಪ್ಪತ್ತಾರು ವರ್ಷ ಸುಳ್ಳಲ್ಲ. ಅವನ್ನೆಲ್ಲ ಅವಳು ಒಪ್ಪಿಕೊಳ್ಳುತ್ತಿದ್ದಳು, ಅನುಷಾಳ ತಲೆ ಸವರಿದ ಹಾಗೆ ನನ್ನ ತಲೆಯನ್ನೂ ಸವರಿ ಬುಡು ಎನ್ನುತ್ತಿದ್ದಳು. ಅದನ್ನು ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ.

"ಭಯ ಆಯ್ತು ಕಣೇ," ಎಂದೆ. "ನೀನು ಒಂದ್ಸಲ ಒಳಗೆ ಬಂದ್ರೆ ಸಾಯೋವರ್ಗೂ ನನ್ ಮಗಳು. ಅದ್ಕೇ ಭಯ ಆಯ್ತು."

"ಈಗ ಇಲ್ವಾ ಭಯ?"

ಇಲ್ಲ ಎನ್ನಬಹುದಿತ್ತು. ಅವಳಿಗೆ ಸಮಾಧಾನವಾಗಲಿ ಎಂದಾದರೂ ಎನ್ನಬಹುದಿತ್ತು.

"ಐತೆ," ಎಂದೆ. "ಅವತ್ತಿಗಿಂತ ಜಾಸ್ತೀನೇ ಐತೆ."

ಅವಳು ಕೆಳಗಿಟ್ಟ ಲೋಟ ಎತ್ತಿ ಉಳಿದ ಟೀ ಕುಡಿದಳು. ಕೊರಟಗೆರೆಯ ಬಸ್ಸು ಬಂದು ನಿಂತಿತು. ಜನ ಸೀಟಿಗೆ ಕಿಟಕಿಯಿಂದ ಟವೆಲ್ಲು ಎಸೆಯತೊಡಗಿದರು.

"ಹಂಗಾರೆ ಬತ್ತೀನಿ," ಎಂದಳು ಕದಿರಮ್ಮ.

ನಾನು ಬ್ಯಾಗು ಎತ್ತಿಕೊಂಡೆ.